ನಮ್ಮ ಮನೆಯ ಬಫರ್

ಓದುವ ಎಲ್ಲರಿಗೂ ನಮಸ್ಕಾರ. ನಾನು ಶಾಲೆಗೆ ಹೋದದ್ದೇ ತಡವಾಗಿ, ಟೈಪು ಕಲಿತದ್ದು ಇನ್ನೂ ತಡವಾಗಿ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಫರ್ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಮಂಗಳೂರು ರೈಲು ಸ್ಟೇಷನ್ನಿನಲ್ಲಿ. ಡಬ್ಬಿಗೆ ಡಬ್ಬಿ ಬಡಿಯದಂತೆ ನಡುವೆ ಕಬ್ಬಿಣದ ದಪ್ಪ ಬಿಲ್ಲೆಗಳಿದ್ದವು, ಅವುಗಳ ಹಿಂದೆ ಸ್ಪ್ರಿಂಗು. ಮತ್ತೆ ಪೇಪರಿನಲ್ಲಿ ಓದಿದ್ದು, ಬರಗಾಲ ಬಂದರೆ ಇರಲಿ ಎಂದು ಸರಕಾರ ಕೂಡಿಟ್ಟ ಅಕ್ಕಿ ಗೋಧಿಗೂ ಅದೇ ಹೆಸರು. ಈಗ ಮೊಮ್ಮಗಳ ಕಂಪ್ಯೂಟರಿನಲ್ಲಿ ಚಿತ್ರ ನಿಂತು ನಿಂತು ಬಂದರೆ ಅದಕ್ಕೂ ಬಫರ್ ಎನ್ನುತ್ತಾರೆ. ಆದರೆ ನನಗೆ ಅರ್ಥ ನಾಟಿದ್ದು ಅರುವತ್ತರ ದಶಕದಲ್ಲಿ, ಪುತ್ತೂರಿನ ಕಾಲೇಜಿನ ರಸಾಯನಶಾಸ್ತ್ರದ ತರಗತಿಯಲ್ಲಿ. ಕೆಲವು ದ್ರಾವಣಗಳಿಗೆ ಸ್ವಲ್ಪ ಆಮ್ಲ ಹಾಕಿದರೂ, ಸ್ವಲ್ಪ ಕ್ಷಾರ ಹಾಕಿದರೂ ಗುಣ ಹೆಚ್ಚು ಬದಲಾಗುವುದಿಲ್ಲ, ಎರಡನ್ನೂ ಒಳಗೇ ನುಂಗಿಕೊಳ್ಳುತ್ತವೆ, ಆದರೆ ಅದಕ್ಕೂ ಒಂದು ಮಿತಿ ಇದೆ ಎಂದರು ಮೇಷ್ಟ್ರು. ನನಗೆ ಕೂಡಲೇ ಅತ್ತೆಯ ನೆನಪಾಯಿತು.

ಗುತ್ತಿಗಾರಿನ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತಿರಲಿಲ್ಲ. ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಒಂದೇ ಜಗಲಿ, ಒಂದೇ ಅಡುಗೆ. ಮಾತು ಮಾತ್ರ ಅತ್ತೆಯ ಮೂಲಕ. ಅತ್ತೆ ಅಪ್ಪನಿಗೆ ತಂಗಿ, ಚಿಕ್ಕಪ್ಪನಿಗೆ ಅಕ್ಕ. ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದರು. ಒಬ್ಬರು ಹೇಳಿದ್ದು ಎದುರು ಕೂತ ಇನ್ನೊಬ್ಬರಿಗೆ ಚೆನ್ನಾಗಿ ಕೇಳುತ್ತಿತ್ತು. ಆದರೂ ಅತ್ತೆ ದಾಟಿಸಿದ ಮೇಲೆಯೇ ಉತ್ತರ, ಅದೂ ಅತ್ತೆ ಹೇಳಿದ ಮಾತಿಗೆ ಮಾತ್ರ. ಮೂಲ ಮಾತು ಕಿವಿಗೆ ಬಿದ್ದೇ ಇಲ್ಲ ಎಂಬ ಹಾಗೆ ಇಬ್ಬರೂ ಇರುತ್ತಿದ್ದರು.

ಐದನೆಯ ತರಗತಿಗೆ ಶಾಲೆ ಬಿಟ್ಟಿದ್ದ ನನಗೆ ಮತ್ತೆ ಓದಬೇಕೆಂದು ಆಸೆಯಾಯಿತು. ಆಗಲೇ ಮೀಸೆ ಬಂದಿತ್ತು. ಪುತ್ತೂರಿಗೆ ಕಳಿಸುವ ಎಂದು ಹಠ ಹಿಡಿದವರು ಚಿಕ್ಕಪ್ಪ.

"ಅವನಿಗೆ ಹೇಳು," ಅಪ್ಪ ಅತ್ತೆಯನ್ನು ನೋಡಿ ಹೇಳಿದರು, "ಇವ ಕ್ಲಾಸಿಗೆ ಹೊಕ್ಕರೆ ಮಕ್ಕಳು ಹೊಸ ಮಾಷ್ಟ್ರು ಬಂದ್ರು ಅಂತ ಎದ್ದು ನಿಲ್ತಾವೆ."

ಅತ್ತೆ ತಿರುಗಿದರು. "ಅಣ್ಣ ಹೇಳುದು, ಹುಡುಗನಿಗೆ ನಾಚಿಕೆ ಆದೀತಾ ಅಂತ."

"ಮತ್ತೆಂತ, ಅಪ್ಪನ ಹಾಗೆ ಹೆಬ್ಬೆಟ್ಟು ಒತ್ತಿಕೊಂಡು ಇರುದಾ?"

"ತಮ್ಮ ಹೇಳುದು, ಕಾಲ ಬದಲಾಗಿದೆ ಅಂತ."

ಹೀಗೆ ಆ ಬೇಸಿಗೆಯಿಡೀ ನಡೆಯಿತು. ಶಾಲೆ ಶುರುವಾಗುವ ದಿನ ಹತ್ತಿರ ಬಂತು, ತೀರ್ಮಾನ ಮಾತ್ರ ಇಲ್ಲ. ಈ ವರ್ಷ ತಪ್ಪಿದರೆ ನನಗೆ ಇನ್ನು ಶಾಲೆ ಇಲ್ಲವೆಂದು ಗೊತ್ತಿತ್ತು.

ಒಂದು ಮಧ್ಯಾಹ್ನ ಅತ್ತೆ ಹಪ್ಪಳಕ್ಕೆಂದು ಹಲಸಿನ ಸೊಳೆ ಬಿಡಿಸುತ್ತಿದ್ದರು. ತನ್ನ ಬೆವರಿನಲ್ಲಿ ಓದಿದ ತಮ್ಮ ಈಗ ತನಗೇ ಬುದ್ಧಿ ಹೇಳುತ್ತಾನೆ ಎಂದರು ಅಪ್ಪ. ಚಿಕ್ಕಪ್ಪ ಅದಕ್ಕಿಂತ ಕೆಟ್ಟದ್ದು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಇಬ್ಬರೂ ಅಭ್ಯಾಸದಂತೆ ಅತ್ತೆಯ ಮುಖ ನೋಡಿದರು. ಅತ್ತೆ ಕೈಯ ಮೇಣ ಒರೆಸಿಕೊಂಡು ಎದ್ದರು.

"ಇಷ್ಟು ವರ್ಷ ನೀವು ಹೇಳಿದ್ದರಲ್ಲಿ ಅರ್ಧ ನಾನು ನುಂಗಿದ್ದೇನೆ. ಇನ್ನು ನನ್ನಿಂದ ಆಗುದಿಲ್ಲ. ಇಬ್ಬರಿಗೂ ಕಿವಿ ಉಂಟಲ್ಲ, ನೀವೇ ಮಾತಾಡಿ."

ಅವರು ದನದ ಹಟ್ಟಿಯ ಕಡೆಗೆ ನಡೆದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಎಲ್ಲ ಮುಗಿಯಿತು ಅನ್ನಿಸಿತು. ಅಪ್ಪ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು. ಮತ್ತೆ ಅಂಗಳ ನೋಡುತ್ತಾ ಕೇಳಿದರು, "ಪುತ್ತೂರಲ್ಲಿ ಇವನಿಗೆ ಊಟಕ್ಕೆ ಎಂತ ವ್ಯವಸ್ಥೆ ಉಂಟು?"

ಚಿಕ್ಕಪ್ಪ ಅತ್ತೆ ಕೂತಿದ್ದ ಜಾಗದ ಕಡೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡು, "ನನಗೆ ಗುರ್ತದ ಒಂದು ಮನೆ ಉಂಟು ಅಣ್ಣ," ಎಂದರು.

ನಾನು ಹಟ್ಟಿಗೆ ಓಡಿ ಅತ್ತೆಗೆ ಹೇಳಿದೆ. ಅವರು ದನದ ಕುತ್ತಿಗೆ ತುರಿಸುತ್ತಾ, ಅಣ್ಣ ಎಂತ ಹೇಳಿದ, ತಮ್ಮ ಎಂತ ಹೇಳಿದ ಎಂದು ಕೇಳಿದರು. ಒಂದಕ್ಷರ ಬಿಡದೆ ದಾಟಿಸಿದೆ.

ನಿಮ್ಮ ಮನೆಯಲ್ಲಿಯೂ ಹೀಗೆ ನಡುವೆ ನಿಂತವರು ಯಾರಾದರೂ ಇದ್ದಿರಬಹುದು. ಇದ್ದರೆ ಎರಡು ಸಾಲು ಬರೆದು ತಿಳಿಸಿ. ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.