ಇಟ್ಟಿಗೆ ಆಸರೆಯ ಪಕ್ಕ ಕೂತವರು

ಹೆಂಡತಿ ಅಮೆರಿಕದ ಟ್ರಾಯ್ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಹೊಸದಾಗಿ ಸೇರಿದವರಿಗೆ ಪ್ರಾಚೀನ ಈಜಿಪ್ಟಿನ ಶುಶ್ರೂಷೆಯ ಬಗ್ಗೆ ಸ್ವಲ್ಪ ಹೊತ್ತು ಮಾತನಾಡಲು ಅವಳನ್ನು ಕೇಳಿದ್ದರು. ಇಷ್ಟು ವರ್ಷಗಳಲ್ಲಿ ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಬರೆದು, ತಿದ್ದಲು ನನಗೆ ಕೊಟ್ಟಳು. ಹಿಂದೆ ಬೆಂಗಳೂರಿನ ಪತ್ರಿಕೆಯೊಂದರ ಸುದ್ದಿ ತಿದ್ದುವ ಡೆಸ್ಕಿನಲ್ಲಿ ನಾನು ಕಲಿತದ್ದು ಒಂದೇ: ಆಧಾರವಿಲ್ಲದ ಸಾಲು ಅಚ್ಚಿಗೆ ಹೋಗಬಾರದು.

ಅವಳು ಆಧರಿಸಿದ್ದ ಈಜಿಪ್ಟಿನ ಹಳೆಯ ವೈದ್ಯಗ್ರಂಥವೊಂದರ ಪ್ರಕಾರ, ತಲೆಗೆ ಪೆಟ್ಟಾದವನನ್ನು ಎರಡು ಇಟ್ಟಿಗೆ ಆಸರೆಗಳ ನಡುವೆ ಕೂರಿಸಬೇಕು. ಗಾಯಕ್ಕೆ ಕೊಬ್ಬು, ಜೇನು ಹಚ್ಚಿ ದಿನವೂ ಕಟ್ಟಬೇಕು. ಅದರ ಕೆಳಗೆ ಅವಳು, ‘ಪಕ್ಕದಲ್ಲಿ ಒಬ್ಬಳು ಕೂತಿದ್ದಳು. ಅವಳೇ ನಮ್ಮ ಮೊದಲ ನರ್ಸ್’ ಎಂದು ಬರೆದಿದ್ದಳು. ಹುಡುಕಿದೆ. ವೈದ್ಯರ ಹೆಸರುಗಳು ಸಿಕ್ಕವು. ಹೆರಿಗೆ ಮಾಡಿಸುವವರು, ಮೊಲೆಯೂಡಿಸುವ ದಾದಿಯರು ಸಿಕ್ಕರು. ಪಕ್ಕದಲ್ಲಿ ಕೂತವಳು ಮಾತ್ರ ಸಿಗಲಿಲ್ಲ. ಸಾಲು ಹೊಡೆದುಹಾಕಿದೆ.

ಹಾಳೆ ವಾಪಸು ಕೊಡುವಾಗ ಅವಳು ನನ್ನ ಅಮ್ಮನ ಕೋಣೆಯಲ್ಲಿದ್ದಳು. ಸೊಂಟದ ಆಪರೇಷನ್ ಆಗಿ ಮನೆಗೆ ಬಂದಿದ್ದ ಅಮ್ಮನಿಗೆ ಎರಡೂ ಕಡೆ ದಿಂಬು ಒತ್ತುಕೊಡುತ್ತಿದ್ದಳು. ಹಾಳೆ ಓದಿದಳು.

“ಅಮ್ಮನ ಡಿಸ್ಚಾರ್ಜ್ ಪೇಪರ್ ನೋಡಿ. ದಿನಾ ಡ್ರೆಸಿಂಗ್ ಚೇಂಜ್ ಮಾಡ್ಬೇಕು ಅಂತಿದೆ. ಯಾರು ಮಾಡ್ಬೇಕು ಅಂತ ಇದ್ಯಾ?”

ಇರಲಿಲ್ಲ.

“ಹಾಗಾದ್ರೆ ಈ ರೂಮಲ್ಲೂ ಯಾರೂ ಇಲ್ಲ ಅನ್ನಿ.”

ಅಮ್ಮ ಮಲಗಿದ್ದಲ್ಲಿಂದಲೇ, “ಅವನಿಗೆ ಅಚ್ಚಾದ್ರೇನೇ ನಂಬಿಕೆ, ಬಿಡಮ್ಮ” ಎಂದರು.

ಆ ಗಾಯಾಳುವಿನ ಪಕ್ಕ ಕೂತದ್ದು ಅವನ ತಮ್ಮನಿರಬಹುದು, ಆಳಿರಬಹುದು, ವೈದ್ಯನೇ ಇರಬಹುದು ಎಂದು ವಾದಿಸಿದೆ. ‘ಬಹುಶಃ’ ಸೇರಿಸೋಣ ಎಂದೆ. ‘ಬಹುಶಃ’ ಎಂದುಕೊಂಡು ಅಷ್ಟು ಜನರ ಮುಂದೆ ನಿಲ್ಲಲಾರೆ ಎಂದಳು. ಅವಳದು ಊಹೆ ಎಂಬುದು ಖಂಡಿತ. ಆದರೆ ಊಹೆಯನ್ನು ತೆಗೆದ ಮೇಲೆ ಉಳಿದದ್ದು, ತಾನಾಗಿಯೇ ಬದಲಾಗುವ ಗಾಯದ ಪಟ್ಟಿ, ತಾನಾಗಿಯೇ ಬಂದು ನಿಂತ ಇಟ್ಟಿಗೆ. ಅದು ಇನ್ನೂ ದೊಡ್ಡ ಸುಳ್ಳಿನ ಹಾಗೆ ಕಂಡಿತು. ಯಾವುದನ್ನು ತಿದ್ದಬೇಕೋ ತಿಳಿಯಲಿಲ್ಲ.

ಭಾಷಣದ ದಿನ ಅಮ್ಮನ ಜೊತೆ ನಾನು ಉಳಿದೆ. ಎಡಗಡೆಯ ದಿಂಬು ಜಾರಿತು. ಸರಿಪಡಿಸಿದೆ, ಅಮ್ಮ ಬಲಕ್ಕೆ ವಾಲಿದರು. ಬಲಗಡೆ ಒತ್ತಿದೆ, ಎಡದ್ದು ಮತ್ತೆ ಜಾರಿತು.

ಹೆಂಡತಿ ಬಂದವಳೇ ಕೋಟು ಕೂಡ ತೆಗೆಯದೆ ದಿಂಬುಗಳನ್ನು ಸರಿಮಾಡಿದಳು. ಆ ಸಾಲು ಏನಾಯಿತೆಂದು ಕೇಳಿದೆ.

“ಓದ್ದೆ.”

“ಆಧಾರ ಯಾರೂ ಕೇಳ್ಲಿಲ್ವಾ?”

“ಯಾಕೆ ಕೇಳ್ತಾರೆ? ಇದ್ದೋರೆಲ್ಲ ನರ್ಸ್‌ಗಳೇ.”

ಅದನ್ನು ಆಧಾರವೆನ್ನಬಹುದೇ? ಡೆಸ್ಕಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಅವಳು ಅಮ್ಮನ ಪಟ್ಟಿ ಬಿಚ್ಚತೊಡಗಿದಳು. ಕತ್ತರಿ ಹಿಡಿದುಕೊಂಡು ಪಕ್ಕದಲ್ಲಿ ನಿಂತೆ, ಒಪ್ಪಿದೆನೋ ಇಲ್ಲವೋ ಎಂದು ಗೊತ್ತಾಗದೆ.