ಅಡತಿ ಅಂಗಡಿಯೆದುರಿನ ಅರಳಿ ಎಲೆ

ನನ್ನ ಮಾವನವರದು ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿಯ ಅಡತಿ ಅಂಗಡಿ; ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಕೆಲಸ. ಹರೆಯದಲ್ಲೇ ವಿಜಯಪುರದ ಕಡೆಯಿಂದ ಪುಣೆಗೆ ಬಂದು ಕಟ್ಟಿದ ವ್ಯಾಪಾರ. ನಾನು ಇಲ್ಲಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮರದ ಎಲೆಗಳಿಂದ ಊರಿನ ಗಾಳಿ ಎಷ್ಟು ಕೆಟ್ಟಿದೆ ಎಂದು ನೋಡುವ ಕೆಲಸ ಹಿಡಿದಾಗಿನಿಂದ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು.

ವಾಹನಗಳ ಹೊಗೆಯಲ್ಲಿ, ಬ್ರೇಕು ಸವೆದು ಏಳುವ ಪುಡಿಯಲ್ಲಿ ಕಣ್ಣಿಗೆ ಕಾಣದ ಕಬ್ಬಿಣದ ಕಣಗಳಿರುತ್ತವೆ. ಎಲೆಯ ಮೇಲೆ ಅವು ಅಂಟಿಕೊಳ್ಳುತ್ತವೆ. ಒರೆಸದೆ, ತೊಳೆಯದೆ ಆ ಎಲೆಯನ್ನು ಪ್ರಯೋಗಾಲಯದ ಉಪಕರಣದೊಳಗಿಟ್ಟರೆ ಅದಕ್ಕೆಷ್ಟು ಕಾಂತಗುಣ ಬಂದಿದೆ ಎಂದು ತಿಳಿಯುತ್ತದೆ. ಊರಿನ ಬೇರೆ ಬೇರೆ ಕಡೆ ಅರಳಿ ಮರಗಳನ್ನು ಆರಿಸಿಕೊಂಡಿದ್ದೆ. ಅದರಲ್ಲೊಂದು ಮಾವನವರ ಅಂಗಡಿಯೆದುರಿಗೇ ಇತ್ತು, ಲಾರಿಗಳು ಸಾಲುಗಟ್ಟಿ ಕಾಯುವ ಗೇಟಿನ ಪಕ್ಕದಲ್ಲಿ.

ನನ್ನ ವರದಿ ಹೊರಬಿದ್ದರೆ ಲಾರಿಗಳನ್ನು ಅಲ್ಲಿಂದ ಎಬ್ಬಿಸುತ್ತಾರೆ, ಮಾಲು ಬೇರೆ ಕಡೆ ಹೋಗುತ್ತದೆ ಎಂಬುದು ಅವರ ಅಂಜಿಕೆ. ಒಂದು ಸಂಜೆ, ಪುಣೆಯ ಹೊರವಲಯದ ಖರಾಡಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿದ್ದ ಅರಳಿಯಿಂದ ಎಲೆ ಕಿತ್ತು ತಂದು ಮೇಜಿನ ಮೇಲಿಟ್ಟರು. ಸುತ್ತ ಕಟ್ಟಡಗಳ ಕೆಲಸ ನಡೆದಿದ್ದರಿಂದ ಎಲೆ ಬೆಳ್ಳಗಾಗಿತ್ತು.

“ಹಿಟ್ಟು ಬಡದಂಗ ಅದ, ನೋಡು. ಅಂಗಡಿ ಮುಂದಿನ ಗಿಡದ ಎಲಿ ಇದಕ್ಕಿಂತ ಹಸರದ. ಹೊಲಸು ಎಲ್ಲೈತಿ ಅಂತ ನೀನ ಹೇಳು.”

ಅಳೆದ ಮೇಲೆ ಹೇಳುತ್ತೇನೆ ಎಂದೆ. ಅವರು ಎದ್ದು ಒಳಗೆ ಹೋದರು. ಗಂಡ ಆ ಎಲೆಯನ್ನು ಮೆಲ್ಲಗೆ ಎತ್ತಿ ನನ್ನ ಲಕೋಟೆಯೊಂದಕ್ಕೆ ಹಾಕಿದರು.

ಮಳೆ ನಿಂತು ಎಷ್ಟೋ ದಿನಗಳಾಗಿದ್ದ ಒಂದು ಚಳಿಗಾಲದ ಬೆಳಿಗ್ಗೆ ಏಣಿ ಹೊತ್ತು ಮಾರ್ಕೆಟ್ ಯಾರ್ಡಿಗೆ ಹೋದೆ. ಮರಕ್ಕೆ ನಂಬರಿನ ಚೀಟಿ ಕಟ್ಟಿ, ಏಣಿ ಹತ್ತಿ ಎಲೆ ಕೀಳತೊಡಗಿದೆ. ಮೂಟೆ ಹೊರುವ ಹಮಾಲರು ದಿನವೂ ಊಟಕ್ಕೆ ಕೂರುತ್ತಿದ್ದುದು ಆ ಮರದ ನೆರಳಿನಲ್ಲೇ. ಹಿಂದಿನ ವರ್ಷ ರಸ್ತೆ ಅಗಲ ಮಾಡುವಾಗ ಇಂಥದೇ ಚೀಟಿ ಬಿದ್ದ ಮರಗಳನ್ನೆಲ್ಲ ಕಡಿದಿದ್ದರಂತೆ. ಅದು ನನಗೆ ಗೊತ್ತಿರಲಿಲ್ಲ. ಕೆಳಗೆ ಜನ ಸೇರಿದ್ದು ಏಣಿ ಅಲುಗಾಡಿದಾಗಲೇ ತಿಳಿಯಿತು.

“ಝಾಡ ತೋಡಾಯ್ಲಾ ಆಲಾತ್ ಕಾ?” ಎಂದು ಒಬ್ಬ ಕೇಳಿದ. ಮರ ಕಡಿಯಲು ಬಂದವಳಲ್ಲ, ಎಲೆ ಮಾತ್ರ ಬೇಕು ಎಂದು ಮರಾಠಿಯಲ್ಲೇ ಹೇಳಿದೆ. ಯಾರೂ ನಂಬಲಿಲ್ಲ. ಚೀಟಿ ಕಿತ್ತರು. ಇಳಿ ಎಂದು ಕೂಗಿದರು. ಇಳಿಯಲು ಏಣಿ ನೆಟ್ಟಗಿರಲಿಲ್ಲ. ಒಂದು ಕೈಯಲ್ಲಿ ಕೊಂಬೆ, ಇನ್ನೊಂದರಲ್ಲಿ ಎಲೆಯ ಲಕೋಟೆ.

ಅಂಗಡಿಯ ಕಟ್ಟೆಯ ಮೇಲೆ ಮಾವನವರು ನಿಂತಿದ್ದು ಆಗ ಕಂಡಿತು. ಎಲ್ಲವನ್ನೂ ನೋಡುತ್ತಿದ್ದರು. ಅವರು ಒಳಗೆ ಹೋಗಿಬಿಟ್ಟಿದ್ದರೂ ಸಾಕಿತ್ತು, ನನ್ನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಬಹಳ ಹೊತ್ತು ಹಾಗೇ ನಿಂತರು. ನಾನು ಕರೆಯಲಿಲ್ಲ. ಕರೆಯಬಾರದೆಂದು ಹಟವೇ ಬಂದಿತ್ತು. ಕೊನೆಗೆ ಮೆಟ್ಟಿಲಿಳಿದು ಜನರ ನಡುವೆ ಬಂದು ಏಣಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದರು. ನಮ್ಮ ಮನೆಯ ಸೊಸೆ ಎಂದು ಸುತ್ತಲಿನವರಿಗೆ ಮರಾಠಿಯಲ್ಲಿ ಹೇಳಿ, ಮೇಲೆ ನೋಡಿದರು.

“ಇಳೀಬ್ಯಾಡ. ಎಷ್ಟು ಎಲಿ ಬೇಕೋ ಅಷ್ಟು ಹರಕೋ.”

ಅಳತೆಯ ದಿನ ಮಾವನವರು ಹೇಳದೆ ಕೇಳದೆ ಪ್ರಯೋಗಾಲಯಕ್ಕೆ ಬಂದರು. ಖರಾಡಿಯ ಬೆಳ್ಳನೆಯ ಎಲೆಯನ್ನೇ ಮೊದಲು ಇಡಲು ಹೇಳಿದರು. ಅಂಕಿ ಹೆಚ್ಚೇನೂ ಬರಲಿಲ್ಲ. ಅದರ ಮೇಲಿದ್ದದ್ದು ಬಹುಪಾಲು ಸಿಮೆಂಟು, ಮಣ್ಣು. ಅದೂ ಒಳ್ಳೆಯದೇನಲ್ಲ, ಆದರೆ ಈ ಉಪಕರಣ ಹಿಡಿಯುವ ಜಾತಿಯದಲ್ಲ ಎಂದು ಬಿಡಿಸಿ ಹೇಳಿದೆ. ಅಂಗಡಿಯೆದುರಿನ ಹಸಿರು ಎಲೆ ಇಟ್ಟಾಗ ಅಂಕಿ ಮೇಲಕ್ಕೆ ಜಿಗಿಯಿತು. ಉಪಕರಣ ಸರಿಯಿದೆಯೇ ಎಂದು ಕೇಳಿದರು. ಬೇರೆ ಎಲೆ ಇಟ್ಟೆ, ಮತ್ತೊಂದು ಇಟ್ಟೆ. ಹೊರಡುವಾಗ, ಹಮಾಲರು ದಿನವೂ ಅದೇ ಮರದ ಕೆಳಗೆ ಕೂತು ಉಣ್ಣುತ್ತಾರಲ್ಲ ಎಂದರು.

ಮಾವನವರು ಈ ಅಂಕಿಯನ್ನು ಮುಂದಿಟ್ಟಾಗ ವ್ಯಾಪಾರಿಗಳ ಸಭೆಯಲ್ಲಿ ದೊಡ್ಡ ಜಗಳವಾಯಿತು. ಸೊಸೆಯ ಮಾತು ಕೇಳಿ ಅಂಗಡಿ ಮುಚ್ಚಿಸುತ್ತಾನೆ ಎಂದು ಹಳೆಯ ಸ್ನೇಹಿತರೇ ಅಂದರಂತೆ. ಲಾರಿ ಎಬ್ಬಿಸುವುದು ಬೇಡ, ಸಾಲಿನಲ್ಲಿ ಕಾಯುವಾಗ ಇಂಜಿನ್ ಬಂದ್ ಮಾಡಿಸೋಣ ಎಂಬಲ್ಲಿಗೆ ಮಾವನವರು ಅವರನ್ನು ಒಪ್ಪಿಸಿದರು. ಆಮೇಲೆ ದಿನವೂ ತಾವೇ ಸಾಲಿನುದ್ದಕ್ಕೂ ನಡೆದು ಚಾಲಕರಿಗೆ ಹೇಳುತ್ತಿದ್ದರು. ಕೆಲವರು ಕೇಳುತ್ತಿದ್ದರು. ಒಬ್ಬ ಮೈಮೇಲೇ ಏರಿ ಬಂದಿದ್ದ.

ಮುಂದಿನ ಚಳಿಗಾಲ ಅಂಕಿ ಇಳಿದಿತ್ತು. ಆದರೆ ಆ ವರ್ಷ ಅಕಾಲದಲ್ಲಿ ಮಳೆ ಬಿದ್ದು ಎಲೆಗಳು ತೊಳೆದುಹೋಗಿದ್ದವು. ಇಂಜಿನ್ ನಿಲ್ಲಿಸಿದ್ದರಿಂದಲೇ ಇಳಿಯಿತು ಎನ್ನುವಂತಿರಲಿಲ್ಲ.

“ಕಡಿಮಿ ಆಗೇದ ಅಂತ ಹೇಳಿಬಿಡು. ಅಷ್ಟ ಸಾಕು ಆ ವ್ಯಾಪಾರಸ್ಥರಿಗೆ,” ಎಂದರು ಮಾವನವರು.

“ಇನ್ನೊಂದು ವರ್ಷ ನೋಡೂಣ್ರಿ ಮಾವ. ಈಗ ಹೇಳಾಕ ಬರೂದಿಲ್ಲ.”

ಆ ರಾತ್ರಿ ಊಟದಿಂದ ಬೇಗ ಎದ್ದುಬಿಟ್ಟರು. ಮರುದಿನದ ಸಭೆಯಲ್ಲಿ ಫಲಿತಾಂಶವೇನೆಂದು ವ್ಯಾಪಾರಿಗಳು ಅವರನ್ನೇ ಕೇಳಿದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮಾವನವರು ಎದ್ದು ನಿಂತು, ಮಳೆಯ ವಿಷಯವನ್ನು ಹೇಳಿ, ಇನ್ನೊಂದು ವರ್ಷ ನೋಡಬೇಕು, ಅಲ್ಲಿಯವರೆಗೂ ಇಂಜಿನ್ ಬಂದ್ ಇರಲಿ ಎಂದು ಹೇಳಿ ಕೂತರು.