ಅಣ್ಣನ ಹೆಗಲು, ನನ್ನ ವಲ್ಲಿ

ಗೂಟಕ್ಕೆ ನೇತುಬಿದ್ದಿರುವ ಈ ಹಳೆಯ ವಲ್ಲಿಯನ್ನು ನಾನು ಮುಖ ಒರೆಸಲು, ತಲೆಗೆ ಸುತ್ತಲು, ರೊಟ್ಟಿ ಕಟ್ಟಲು, ಎಲ್ಲಕ್ಕೂ ಬಳಸಿದ್ದೇನೆ. ಬಳಸಲೇಬೇಕಾಗಿದ್ದ ದಿನ ಮಾತ್ರ ಬಳಸಲಿಲ್ಲ. ಅಂದು ಇದನ್ನು ಅಣ್ಣನ ಹೆಗಲಿಗೆ ಹಾಕಲಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು; ಚಂದ ಮಾಡಿ ಹೇಳಲು ಬಾರದು, ಗೆಳೆಯರೇ, ಇದ್ದಂತೆ ಹೇಳುತ್ತೇನೆ.

ಎಪ್ಪತ್ತರ ದಶಕದ ಆ ದಿನಗಳಲ್ಲಿ ನಾನು ಸಿಂದಗಿಯಲ್ಲಿ ರೈತರ ಕಾಳು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಚೀಲ ಹೊರುವ ಹಮಾಲ. ಹೊಸಬನನ್ನು ಸೇರಿಸಿಕೊಳ್ಳಲು ಅಲ್ಲಿ ಅರ್ಜಿ ಗಿರ್ಜಿ ಇರಲಿಲ್ಲ. ಇದ್ದ ಹಮಾಲರಲ್ಲಿ ಒಬ್ಬ ತನ್ನ ವಲ್ಲಿಯನ್ನು ಬಂದವನ ಹೆಗಲಿಗೆ ಹಾಕಿ "ಇವ ನಮ್ಮವ" ಎಂದರೆ ಮುಗಿಯಿತು. ಮುಂದೆ ಅವನ ಒಳಿತು ಕೆಡುಕಿಗೆ ವಲ್ಲಿ ಹಾಕಿದವನೇ ಹೊಣೆ, ಸಾಹುಕಾರರೂ ಬೇಡವೆನ್ನುವಂತಿರಲಿಲ್ಲ.

ಅಣ್ಣ ಶರಣಪ್ಪ ಊರಿನ ಕಣವೊಂದರಿಂದ ತೊಗರಿ ಚೀಲ ಕದ್ದು, ಅದು ಅರ್ಧ ಬರಿದಾದ ಮೇಲೆ ಸಿಕ್ಕಿಬಿದ್ದು, ಬಿಜಾಪುರದ ಜೈಲಿನಲ್ಲಿ ಶಿಕ್ಷೆ ಮುಗಿಸಿ ಬಂದಿದ್ದ. ಕದ್ದವನು ಅವನೊಬ್ಬನೇ, ಉಂಡವರು ಮನೆಮಂದಿಯೆಲ್ಲ. ಆದರೆ ಕಾಯಿದೆ ಬಲು ದಯಾಳು, ಉಂಡವರನ್ನು ಹಿಡಿಯುವುದಿಲ್ಲ. ಹೀಗಾಗಿ ನಾನು ಆ ಬೇಳೆಯ ಸಾರು ಸುರಿದುಕೊಂಡು ಉಂಡೂ ಸಭ್ಯನಾಗಿಯೇ ಉಳಿದೆ. ಸಭ್ಯನಾದ್ದರಿಂದಲೇ, ನನಗೊಬ್ಬ ಅಣ್ಣನಿದ್ದಾನೆಂದು ಅಂಗಡಿಯಲ್ಲಿ ಬಾಯಿಬಿಟ್ಟಿರಲಿಲ್ಲ.

ನನ್ನನ್ನು ನಂಬಿಕೊಂಡೇ ಅವನು ಕೆಲಸ ಕೇಳಲು ಬಂದ. ಸಾಹುಕಾರರು ಕೇಳಿದರು, "ಏನಪಾ, ಮೊದ್ಲ ಎಲ್ಲಿದ್ದಿ?"

ಸುಳ್ಳು ಹೇಳುವ ಜಾಣತನವನ್ನು ಜೈಲೂ ಅವನಿಗೆ ಕಲಿಸಿರಲಿಲ್ಲ. "ಜೇಲಿನಾಗಿದ್ದೆ ರೀ ಸಾವ್ಕಾರ್ರ. ತೊಗರಿ ಚೀಲ ಕದ್ದಿದ್ದೆ. ಶಿಕ್ಷಾ ಮುಗಿಸೇನ್ರಿ, ಇನ್ನ ದುಡಕೊಂಡು ತಿನಬೇಕಂತೇನಿ."

ಸಾಹುಕಾರರು ಗಾಬರಿಯಾದರು. ಸಹಜವೇ, ರೈತರ ಕಾಳು ತೂಗುವಾಗ ತಕ್ಕಡಿಯ ತಟ್ಟೆಯನ್ನು ಮೊಣಕಾಲಿನಿಂದ ತುಸು ಎತ್ತಿ ಹಿಡಿಯುವ ಪ್ರಾಮಾಣಿಕ ಅಂಗಡಿಗೆ ಕಳ್ಳ ಬಂದು ಸೇರಿದರೆ ಹೆಸರು ಕೆಡುವುದಿಲ್ಲವೇ?

"ಯಾರರ ವಲ್ಲಿ ಹಾಕ್ತೀರೇನ್ರೋ?" ಎಂದು ನಮ್ಮತ್ತ ತಿರುಗಿದರು.

"ಹಾಕಿದ್ರ ವಲ್ಲೀನೂ ಹೋದೀತ್ರಿ!" ಎಂದ ಹಿರಿಯ ಹಮಾಲ ಭೀಮಪ್ಪ.

ಎಲ್ಲರೂ ನಕ್ಕರು. ನಾನೂ ನಕ್ಕೆ, ತುಸು ಹೆಚ್ಚೇ ನಕ್ಕೆ. ಆಮೇಲೆ ವಲ್ಲಿಯಿಂದ ಇಲ್ಲದ ಬೆವರು ಒರೆಸಿಕೊಂಡೆ. ಅಣ್ಣ ನನ್ನತ್ತ ಒಮ್ಮೆ ನೋಡಿದ. "ಇವ ನನ್ನ ತಮ್ಮ" ಎನ್ನಲಿಲ್ಲ. ನಡೆದುಬಿಟ್ಟ.

ಕೋರ್ಟು ಕೊಟ್ಟ ಶಿಕ್ಷೆಗೆ ಕೊನೆಯ ದಿನವೆಂಬುದಿತ್ತು. ನಾವು ಕೊಟ್ಟದ್ದಕ್ಕೆ ಅದೂ ಇಲ್ಲ, ಅಪೀಲೂ ಇಲ್ಲ. ಜೈಲಿನಲ್ಲಿ ಅವನಿಗೆ ಕೈತುಂಬ ಕೆಲಸ ಕೊಟ್ಟಿದ್ದರಂತೆ. ಅಂದರೆ ಕೈದಿಯಾಗಿದ್ದಾಗ ದುಡಿಯಲೇಬೇಕು, ಬಿಡುಗಡೆಯಾದ ಮೇಲೆ ದುಡಿಯಲೇಬಾರದು! ದುಡಿದು ತಿನ್ನುವುದು ಅಂಥವನ ಹಕ್ಕೆಂದು ಯಾವ ಪುಸ್ತಕದಲ್ಲಿದೆಯೋ ಕಾಣೆ. ನಾನು ಓದಿದ ನಾಲ್ಕು ಇಯತ್ತೆಗಳಲ್ಲಿ ಕದಿಯಬಾರದೆಂಬ ಪಾಠವಿತ್ತು. ಇನ್ನು ಕದಿಯೆನೆಂದು ಬಂದವನಿಗೆ ಏನು ಕೊಡಬೇಕೆಂಬ ಪಾಠ ಇರಲಿಲ್ಲ.

ಅಣ್ಣ ಇಂಡಿ, ಮುದ್ದೇಬಿಹಾಳ ಅಲೆದ. ಎಲ್ಲೆಡೆ ಅದೇ ಪ್ರಶ್ನೆ, ಅವನದೂ ಅದೇ ಉತ್ತರ. ಮರುವರ್ಷದ ಸುಗ್ಗಿಯಲ್ಲಿ ಊರಿಗೆ ಹೋದಾಗ ಅವ್ವ ನನಗೆ ತೊಗರಿ ಬೇಳೆಯ ಸಾರು ಬಡಿಸಿ, "ಇದು ನೀ ದುಡದದ್ದಪಾ, ಅಂಜಬ್ಯಾಡ, ಉಣ್ಣು" ಎಂದಳು. ಅಣ್ಣ ಪಕ್ಕದಲ್ಲೇ ತಲೆತಗ್ಗಿಸಿ ಉಣ್ಣುತ್ತಿದ್ದ. ಉಂಡೆದ್ದವನೇ ಅವನಿಗೆ, "ನಾಳಿಗೆ ನನ್ನ ಜೋಡಿ ಸಿಂದಗಿಗೆ ಬಾರಣ್ಣಾ" ಎಂದೆ.

ಮರುದಿನ ಅವನನ್ನು ಅದೇ ಅಂಗಡಿಗೆ ಕರೆದೊಯ್ದು, ಎಲ್ಲರೆದುರು ಈ ವಲ್ಲಿಯನ್ನು ಅವನ ಹೆಗಲಿಗೆ ಹಾಕಿದೆ. "ಇವ ನಮ್ಮವ. ನನ್ನ ಒಡಹುಟ್ಟಿದ ಅಣ್ಣ ರೀ."

ಭೀಮಪ್ಪ ಈ ಸಲ ನಗಲಿಲ್ಲ. ಸಾಹುಕಾರರು ನನ್ನ ಮುಖವನ್ನೇ ನೋಡಿ, "ಆತು, ಚೀಲಾ ಎತ್ರಿ" ಎಂದು ತಮ್ಮ ಮೊಣಕಾಲಿನ ಕೆಲಸಕ್ಕೆ ಹೊರಳಿದರು.

ಈಗ ಈ ವಲ್ಲಿಯಲ್ಲಿ ಇಬ್ಬರ ಬೆವರೂ ಇದೆ. ಕಳ್ಳನ ಕಲೆ ಯಾವುದು, ಸಭ್ಯನದು ಯಾವುದು ಎಂದು ಅಗಸನೂ ಹೇಳಲಾರ. ಹೆಗಲಿಗೆ ಹಾಕಿದ ಆ ದಿನ ಅಣ್ಣ ಇದರ ಅಂಚನ್ನು ಹಿಡಿದುಕೊಂಡು ನಿಂತಿದ್ದ. ಎಲ್ಲರಿಗೂ ಕೇಳುವಂತೆ ನಾನು ಹೇಳಿದೆ:

"ಅವತ್ತ ಇವರೆಲ್ಲಾರ ಜೋಡಿ ನಾನೂ ನಕ್ಕೆ. ತಪ್ಪಾತಣ್ಣಾ, ಹೊಟ್ಟ್ಯಾಗ ಹಾಕ್ಕೋ."